ಕೂಡಿಬಂದ ಎರಡು ಜಡೆಗಳು

ಎರಡು ಜಡೆಗಳು ಒಂದೆಡೆ ಕೂಡಿ ಬಾಳಲಾರವೆಂಬ ಮಾತನ್ನು ಯಾರೋ ಗಂಡಸೇ ಕಟ್ಟಿರಬೇಕು. 1950ರಲ್ಲಿ ತೆರೆಕಂಡ ‘ದಾಸ್ ಡೊಪ್ಪೆಲ್ಟೆ ಲೊಟ್ಖೆನ್’ ಎಂಬ ಜರ್ಮನ್ ಚಿತ್ರದಲ್ಲಿ, ಒಂದೇ ಬಗೆಯಾಗಿ ಜಡೆ ಹೆಣೆದುಕೊಂಡ ಇಬ್ಬರು ಹುಡುಗಿಯರು ಮುರಿದುಹೋದ ಸಂಸಾರವೊಂದನ್ನು ಮರಳಿ ಕೂಡಿಸುತ್ತಾರೆ. ಹೆಸರಿನ ಅರ್ಥ ‘ಇಮ್ಮಡಿ ಲೊಟ್ಟೆ’ ಎಂದು. ಕೆಲವು ಕಡೆಯ ಕನ್ನಡದಲ್ಲಿ ಲೊಟ್ಟೆಯೆಂದರೆ ಸುಳ್ಳು. ಕಥೆಯನ್ನು ಬಲ್ಲವರಿಗೆ ಈ ಆಕಸ್ಮಿಕ ಶ್ಲೇಷೆ ಅನುಚಿತವೆನಿಸದು.

ಬೇಸಗೆಯ ರಜೆಗೆಂದು ಸರೋವರದ ದಂಡೆಯ ವಿಹಾರಗೃಹವೊಂದಕ್ಕೆ ನಾನಾ ಊರುಗಳ ಹೆಣ್ಣುಮಕ್ಕಳು ಬಂದಿರುತ್ತಾರೆ. ವಿಯೆನ್ನಾದ ಲೂಯಿಸೆ ಗುಂಗುರುಗೂದಲಿನ ಗಂಡುಬೀರಿ. ಮ್ಯೂನಿಕ್ಕಿನ ಲೊಟ್ಟೆ ಎರಡು ಜಡೆಯ, ಮೆಲುಮಾತಿನ, ವಯಸ್ಸಿಗೆ ಮೀರಿದ ಗೃಹಿಣಿ. ಮುಖ ಮಾತ್ರ ಒಂದೇ ಅಚ್ಚಿನದು. ತನ್ನ ಮುಖವನ್ನು ಇನ್ನೊಬ್ಬಳು ಹೊತ್ತು ತಂದಳಲ್ಲಾ ಎಂದು ಲೂಯಿಸೆಗೆ ಮೊದಲು ಕಡುಕೋಪ. ಒಬ್ಬಳಿಗೆ ತಾಯಿಯಿಲ್ಲ, ಇನ್ನೊಬ್ಬಳಿಗೆ ತಂದೆಯಿಲ್ಲ. ಹುಟ್ಟಿದ ದಿನವೂ ಒಂದೇ, ಊರೂ ಒಂದೇ. ಒಂದು ಭಾವಚಿತ್ರ ಕೈಯಿಂದ ಕೈಗೆ ಬಂದೊಡನೆ ಗುಟ್ಟು ಬಯಲಾಗುತ್ತದೆ. ತಂದೆತಾಯಿಗಳು ಬೇರೆಯಾದಾಗ ಅವಳಿ ಕೂಸುಗಳನ್ನೂ ತಲೆಗೊಂದರಂತೆ ಹಂಚಿಕೊಂಡಿದ್ದರು. ಹಂಚಿಕೊಂಡದ್ದನ್ನು ಮಕ್ಕಳಿಗೆ ಹೇಳಿರಲಿಲ್ಲ.

ಮಕ್ಕಳು ಅದನ್ನು ಕೇಳಿ ಅತ್ತು ಕೂರುವುದಿಲ್ಲ. ತಮ್ಮ ತಮ್ಮ ಮನೆಯ ರೀತಿನೀತಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ರಜೆ ಮುಗಿದಾಗ ಲೊಟ್ಟೆ ಲೂಯಿಸೆಯಾಗಿ ವಿಯೆನ್ನಾಕ್ಕೂ, ಲೂಯಿಸೆ ಲೊಟ್ಟೆಯಾಗಿ ಮ್ಯೂನಿಕ್ಕಿಗೂ ಹೊರಡುತ್ತಾರೆ. ಇಲ್ಲಿಂದ ಮುಂದೆ ನಗೆಯ ಹೊನಲು. ಅಡುಗೆಯಲ್ಲಿ ನಿಪುಣಳೆನಿಸಿದ ಮಗಳಿಗೆ ಒಲೆಯೇ ಪರಕೀಯ! ಅತ್ತ ವಿಯೆನ್ನಾದಲ್ಲಿ ಮನೆಗೆಲಸದ ರೇಜಿ ಇಷ್ಟು ದಿನ ಖರ್ಚಿನ ಲೆಕ್ಕದಲ್ಲಿ ಕೈಚಳಕ ತೋರುತ್ತಿದ್ದವಳು, ಪುಟ್ಟ ಯಜಮಾನಿ ಲೆಕ್ಕದ ಪುಸ್ತಕ ತೆರೆದೊಡನೆ ಬೆವರುತ್ತಾಳೆ. ಲೂಯಿಸೆಗೆ ಪ್ರಿಯವೆಂದು ತಂದೆ ತರಿಸಿದ ಸಿಹಿದೋಸೆಗಳನ್ನು ಲೊಟ್ಟೆ ಒಂದರ ಮೇಲೊಂದರಂತೆ ನುಂಗಲೇಬೇಕು. ಎಲ್ಲರೂ ಮೋಸಹೋದರೂ, ಕೆಸ್ಟ್ನರರ ಕಾದಂಬರಿಯಲ್ಲಿ, ಮನೆಯ ವೈದ್ಯಮಿತ್ರರ ನಾಯಿಯೊಂದು ಮಾತ್ರ ಮೂಸಿ ನೋಡಿ ಹಿಂಜರಿಯುತ್ತದೆ. ತಂದೆಗೆ ತಿಳಿಯದ್ದು ನಾಯಿಗೆ ತಿಳಿಯಿತು.

ತಂದೆ ಪಾಲ್ಫಿ ಸಂಗೀತ ನಾಟಕಗಳ ವಾದ್ಯವೃಂದ ನಿರ್ದೇಶಕ. ಇರೇನೆ ಗೆರ್ಲಾಖ್ ಎಂಬ ಚೆಲುವೆ ಆತನ ಕೈಹಿಡಿಯಲು ಹವಣಿಸಿದ್ದಾಳೆ. ಈ ಸುದ್ದಿ ತಿಳಿದ ಲೊಟ್ಟೆ ಒಬ್ಬಳೇ ಆಕೆಯ ಮನೆಗೆ ಹೋಗಿ, ಮದುವೆ ಕೂಡದೆಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾಳೆ. ಹಿಂದಿರುಗಿ ಜ್ವರದಿಂದ ಹಾಸಿಗೆ ಹಿಡಿಯುತ್ತಾಳೆ. ಅವಳಿಗೆ ಬಿದ್ದ ಕನಸೊಂದನ್ನು ಕೆಸ್ಟ್ನರರು ವರ್ಣಿಸಿದ್ದಾರೆ. ಅದರಲ್ಲಿ ತಂದೆ ದೊಡ್ಡ ಗರಗಸ ಹಿಡಿದು, ಇಬ್ಬರು ಮಕ್ಕಳನ್ನೂ ಸರಿಯಾಗಿ ಎರಡು ಹೋಳು ಮಾಡಿ ಹಂಚಿಕೊಳ್ಳುವುದಾಗಿ ಗರ್ಜಿಸುತ್ತಾನೆ. ನಗುನಗುತ್ತ ಬಂದ ಓದುಗನಿಗೆ ಇಲ್ಲಿ ಎದೆ ಝಲ್ಲೆನ್ನುತ್ತದೆ. ಹಿರಿಯರು ವಕೀಲರ ಸಮಕ್ಷಮ ಸಭ್ಯವಾಗಿ ಮಾಡಿದ ಏರ್ಪಾಡು ಮಗುವಿನ ಕಣ್ಣಿಗೆ ಕಂಡದ್ದು ಹೀಗೆ. ಮಕ್ಕಳ ತುಂಟತನವೆಂದು ಪ್ರೇಕ್ಷಕರು ನಕ್ಕದ್ದೆಲ್ಲ ಅಸಲಿಗೆ ಆ ತೀರ್ಪಿನ ಮೇಲೆ ಹೂಡಿದ ಮೇಲ್ಮನವಿ.

ಮಕ್ಕಳ ಪುಸ್ತಕದಲ್ಲಿ ವಿವಾಹವಿಚ್ಛೇದನದ ಮಾತು ಸಲ್ಲದೆಂದು ಮೂಗು ಮುರಿಯುವವರಿಗೆ ಎರಿಖ್ ಕೆಸ್ಟ್ನರರು ಕಾದಂಬರಿಯಲ್ಲೇ ಉತ್ತರ ಕೊಟ್ಟಿದ್ದಾರೆ. ಬಾಲತಾರೆ ಶರ್ಲಿ ಟೆಂಪಲ್ ತಾನೇ ನಟಿಸಿದ ಚಿತ್ರವನ್ನು ನೋಡಹೋದಾಗ, ಇನ್ನೂ ಚಿಕ್ಕವಳೆಂದು ಒಳಗೆ ಬಿಡಲಿಲ್ಲವಂತೆ. ತಂದೆತಾಯಿಗಳ ಅಗಲಿಕೆಯನ್ನು ಅನುಭವಿಸಲು ಮಗು ಚಿಕ್ಕದಲ್ಲ, ಅದರ ಮಾತು ಕೇಳಲು ಮಾತ್ರ ಚಿಕ್ಕದೇ? ಅಗಲಬೇಕಾದವರು ಅಗಲದೆ ಇರುವುದರಿಂದಲೂ ಮಕ್ಕಳು ನೋಯುತ್ತಾರೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವರಿಗಿತ್ತು.

ಅವರು ಇಂತಹ ಮಾತಿಗೆ ಬೆಲೆ ತೆತ್ತವರು. 1933ರಲ್ಲಿ ನಾತ್ಸಿಗಳು ಬರ್ಲಿನ್ನಿನಲ್ಲಿ ಪುಸ್ತಕಗಳನ್ನು ಸುಟ್ಟಾಗ, ಜನರ ನಡುವೆ ನಿಂತು ತಮ್ಮ ಕೃತಿಗಳು ಬೂದಿಯಾಗುವುದನ್ನು ಕಣ್ಣಾರೆ ಕಂಡರು. ಈ ಅವಳಿಗಳ ಕಥೆ ಯುದ್ಧದ ನಡುವೆ, 1942ರ ಸುಮಾರಿಗೆ, ಚಲಚ್ಚಿತ್ರಕ್ಕೆಂದೇ ಹುಟ್ಟಿತು. ಬರೆಯಕೂಡದೆಂಬ ನಿರ್ಬಂಧ ಮತ್ತೆ ಬಿದ್ದು ಮೂಲೆ ಸೇರಿತು. 1949ರಲ್ಲಿ ಕಾದಂಬರಿಯಾಗಿ ಹೊರಬಂದಾಗ, ಯುದ್ಧದಿಂದ ಅಸಂಖ್ಯ ಸಂಸಾರಗಳು ಒಡೆದುಹೋಗಿದ್ದ ಜರ್ಮನಿಗೆ ಅದು ಮನೆಮಾತಿನಂತೆ ಕೇಳಿಸಿತು. ಚಿತ್ರವನ್ನು ಯೋಸೆಫ್ ಫಾನ್ ಬಾಕಿಯವರು ನಿರ್ದೇಶಿಸಿದರು. ಅವಳಿಗಳಾಗಿ ನಟಿಸಿದ ಯುಟ್ಟಾ ಮತ್ತು ಇಸಾ ಗ್ಯುಂಟರ್ ನಿಜವಾದ ಅವಳಿಗಳೇ. ಕಥೆ ಹೇಳುವ ದನಿ ಸ್ವತಃ ಕೆಸ್ಟ್ನರರದು. 1951ರಲ್ಲಿ ಮೊದಲ ಬಾರಿಗೆ ಜರ್ಮನ್ ಚಲಚ್ಚಿತ್ರ ಪ್ರಶಸ್ತಿಗಳನ್ನು ನೀಡಿದಾಗ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮೂರೂ ಇದರ ಪಾಲಾದವು.

ಹಾಲಿವುಡ್ಡಿನ ಡಿಸ್ನಿ ಸಂಸ್ಥೆ 1961ರಲ್ಲಿ ಇದನ್ನೇ ‘ದಿ ಪೇರೆಂಟ್ ಟ್ರ್ಯಾಪ್’ ಮಾಡಿತು. ಅಲ್ಲಿ ಹೇಲಿ ಮಿಲ್ಸ್ ಒಬ್ಬಳೇ ಛಾಯಾಗ್ರಹಣದ ಚಮತ್ಕಾರದಿಂದ ಇಬ್ಬರಾದಳು. ಆ ದಾರಿಯಲ್ಲಿ ಕಥೆ ಮದರಾಸಿಗೂ ಬಂತು. ಎ.ವಿ.ಎಂ. ಸಂಸ್ಥೆಗಾಗಿ ಕೃಷ್ಣನ್–ಪಂಜು ಜೋಡಿ 1965ರಲ್ಲಿ ತಮಿಳಿನ ‘ಕುಳಂದೈಯುಂ ದೈವಮುಂ’, 1968ರಲ್ಲಿ ಹಿಂದಿಯ ‘ದೋ ಕಲಿಯಾ’ ಚಿತ್ರಗಳನ್ನು ನಿರ್ದೇಶಿಸಿತು. ಇಲ್ಲಿನವರು ಸಂಸಾರ ಒಡೆಯುವ ಕೆಲಸವನ್ನು ಹೆಂಡತಿಯ ತಾಯಿಯ ಸಿರಿಗರ್ವಕ್ಕೆ ವಹಿಸಿದರು. ಕೆಸ್ಟ್ನರರ ಕಥೆಯಲ್ಲಿ ಅಂತಹ ಖಳರಿಲ್ಲ. ಕೂಸುಗಳ ಅಳು ತಾಳಲಾರದೆ ಸ್ವರ ಹೊಸೆಯಲು ಬೇರೆ ಕೊಠಡಿ ಹಿಡಿದ ತರುಣ ಗಂಡ, ಮುನಿದ ತರುಣಿ ಹೆಂಡತಿ, ಇಷ್ಟೇ. ಮನೆ ಒಡೆಯಲು ಅಷ್ಟೇ ಸಾಕಾಯಿತೆಂಬುದೇ ಹೆಚ್ಚು ಭಯಂಕರ.

ಗುಟ್ಟು ಹೊರಬೀಳುವುದೂ ಸೊಗಸು. ತಾಯಿ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಚಿತ್ರಗಳನ್ನು ಆರಿಸುವ ಕೆಲಸದಲ್ಲಿದ್ದಾಳೆ. ಹಳ್ಳಿಯ ಛಾಯಾಗ್ರಾಹಕನೊಬ್ಬ ಕಳುಹಿಸಿದ ಪಟದಲ್ಲಿ ಒಂದೇ ತೆರನ ಜಡೆಯ ಇಬ್ಬರು ಹುಡುಗಿಯರು ಅವಳ ಮೇಜಿನ ಮೇಲೆ ನಗುತ್ತಿರುತ್ತಾರೆ.

ಕೊನೆಗೆ ನಾಲ್ವರೂ ವಿಯೆನ್ನಾದಲ್ಲಿ ಸೇರುತ್ತಾರೆ. ಹುಟ್ಟುಹಬ್ಬದ ದಿನ ಮಕ್ಕಳು ಉಡುಗೊರೆ ಬೇಡವೆನ್ನುತ್ತಾರೆ. ಇನ್ನು ಮುಂದೆ ಒಟ್ಟಿಗಿರಲು ಬಿಟ್ಟರೆ ಸಾಕು. ಹಿರಿಯರು ಕೋಣೆಯೊಳಗೆ ಮಾತನಾಡುತ್ತಿರುವಾಗ ಹೊರಗೆ ಇಬ್ಬರೂ ಬೆರಳು ಹಿಡಿದು ನಿಂತಿದ್ದಾರೆ. ಪ್ರಾರ್ಥಿಸೋಣವೆಂದರೆ ಆ ಗಾಬರಿಯಲ್ಲಿ ನೆನಪಾಗುವುದು ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆಯೊಂದೇ. ಅದನ್ನೇ ಹೇಳುತ್ತಾರೆ. ಬಾಗಿಲು ತೆರೆಯುತ್ತದೆ. ಕಾದಂಬರಿಯಲ್ಲಿ ತಂದೆ ನೆರೆಯ ಚಿತ್ರಕಾರನೊಡನೆ ಕೊಠಡಿ ಬದಲಾಯಿಸಿಕೊಂಡು, ಮನೆಯ ಎದುರು ಬಾಗಿಲಿನಲ್ಲೇ ಪಿಯಾನೋ ಇರಿಸಿಕೊಳ್ಳುತ್ತಾನೆ. ಮಕ್ಕಳ ಗಲಾಟೆ ಅಲ್ಲಿಗೆ ಕೇಳಿಸದು, ಕರೆದರೆ ಮಾತ್ರ ಕೇಳಿಸುತ್ತದೆ.