ವಾರಂಟಿ ಮುಗಿಯಿತು ಅಂದ್ರೆ ಮಾತೂ ಮುಗಿಯಿತೇ?

ಅದೇನು ಮಾಯವೋ ಏನೋ! ಮಿಕ್ಸಿಯಾಗಲಿ, ವಾಷಿಂಗ್ ಮೆಷಿನ್ ಆಗಲಿ, ವಾರಂಟಿ ಇರೋವರೆಗೂ ಒಳ್ಳೇ ಸೊಸೆಯ ಹಾಗೆ ಸದ್ದಿಲ್ಲದೆ ಕೆಲಸ ಮಾಡುತ್ತವೆ. ವಾರಂಟಿ ಮುಗಿದ ಮರುವಾರವೇ ಮುನಿಸು ಶುರು. ಕಾರೂ ಇದಕ್ಕೆ ಹೊರತಲ್ಲ. ಆದರೆ ಮಿಕ್ಸಿಯ ರಿಪೇರಿ ನೂರರ ಲೆಕ್ಕ, ಕಾರಿನದು ಸಾವಿರಗಳ ಲೆಕ್ಕ. ಅದೂ ಸಸ್ಪೆನ್ಷನ್ ಅಂದರೆ ಆ ತಿಂಗಳ ಮನೆ ಖರ್ಚಿನ ಲೆಕ್ಕವೆಲ್ಲ ಏರುಪೇರು.

ಹೀಗಾಗುತ್ತೆ ನೋಡಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಹಂಪ್ ದಾಟಿದರೆ ಮುಂದಿನ ಚಕ್ರದ ಹತ್ತಿರ ‘ಕಟ್ ಕಟ್’ ಸದ್ದು. ಸರ್ವೀಸ್ ಸೆಂಟರ್‌ಗೆ ಒಯ್ದರೆ, ‘ಮೇಡಂ, ಲೋಯರ್ ಆರ್ಮ್, ಶಾಕ್ ಅಬ್ಸಾರ್ಬರ್ ಎರಡೂ ಹೋಗಿವೆ. ವಾರಂಟಿ ಹೋದ ತಿಂಗಳೇ ಮುಗಿದಿದೆಯಲ್ಲ’ ಅಂತ ದೊಡ್ಡದೊಂದು ಎಸ್ಟಿಮೇಟ್ ಕೈಗಿಡುತ್ತಾರೆ. ಆಗ ನಮ್ಮಲ್ಲಿ ಬಹಳಷ್ಟು ಜನ ಎರಡರಲ್ಲಿ ಒಂದು ಮಾಡುತ್ತೇವೆ. ಸುಮ್ಮನೆ ಸಹಿ ಹಾಕಿ ಬರುತ್ತೇವೆ, ಇಲ್ಲವೇ ‘ನಮ್ಮನೆಯವರ ಹತ್ರ ಮಾತಾಡಿ’ ಅಂತ ಫೋನ್ ಕೊಡುತ್ತೇವೆ. ನನ್ನ ಕೇಳಿದರೆ ಎರಡೂ ಬೇಡ.

ಸದ್ದು ಮೊದಲು ಕೇಳೋದು ನಮಗೇ

ದಿನಾ ಗಾಡಿ ಓಡಿಸುವವರಿಗೇ ಅದರ ಕೊಸರಾಟ ಗೊತ್ತಾಗೋದು. ಕುಕ್ಕರ್‌ನ ವಿಷಲ್ ಸ್ವಲ್ಪ ಬೇರೆ ಥರ ಬಂದರೂ ಒಳಕೋಣೆಯಿಂದಲೇ ಗುರುತಿಸುವವರು ನಾವು. ಕಾರಿನ ಸದ್ದು ತಿಳಿಯೋದಿಲ್ಲವೇ? ಆದರೆ ಸರ್ವೀಸ್ ಸೆಂಟರ್‌ನಲ್ಲಿ ಹೇಳಿದರೆ, ‘ಅದು ನಾರ್ಮಲ್ ಮೇಡಂ, ಎಲ್ಲಾ ಗಾಡೀಲೂ ಬರುತ್ತೆ’ ಎಂಬ ಉತ್ತರ. ನಾವೂ ನಂಬಿ ಬಂದುಬಿಡುತ್ತೇವೆ. ಆರು ತಿಂಗಳು ಕಳೆದ ಮೇಲೆ ಅದೇ ‘ನಾರ್ಮಲ್’ ಸದ್ದಿಗೆ ನಾವೇ ದುಡ್ಡು ಕೊಡಬೇಕು!

ನಮ್ಮ ಬಡಾವಣೆಯ ಗೃಹಿಣಿಯೊಬ್ಬರಿಗೆ ಆಗಿದ್ದೂ ಇದೇ. ವಾರಂಟಿ ಇದ್ದಾಗಲೇ ಎರಡು ಸಲ ಸದ್ದಿನ ಬಗ್ಗೆ ಹೇಳಿದ್ದರು. ಒಂದು ಸಲ ಬಾಯಲ್ಲಿ ಹೇಳಿದ್ದು, ಅದು ಗಾಳಿಗೆ ಹೋಯಿತು. ಇನ್ನೊಂದು ಸಲದ್ದು ಜಾಬ್ ಕಾರ್ಡ್‌ನಲ್ಲಿ ‘ಮುಂಭಾಗದಲ್ಲಿ ಶಬ್ದ’ ಅಂತ ಬರೆದಿತ್ತು. ಆ ಒಂದೇ ಸಾಲನ್ನು ತೋರಿಸಿ ಆಕೆ ಕಂಪನಿಗೆ ಇ-ಮೇಲ್ ಬರೆದರು. ಕೊನೆಗೆ ಬಿಡಿಭಾಗದ ಬೆಲೆ ಕಂಪನಿ ಭರಿಸಿತು, ಕೂಲಿಯನ್ನಷ್ಟೇ ಇವರು ಕೊಟ್ಟರು. ಬಾಯಲ್ಲಿ ಹೇಳಿದ್ದು ದೂರಲ್ಲ, ಬರೆಸಿದ್ದೇ ದೂರು ಅನ್ನೋದು ಇದಕ್ಕೇ.

ಏನಿದು ಸಸ್ಪೆನ್ಷನ್?

ಹೆಸರು ಕೇಳಿ ಹೆದರಬೇಡಿ. ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತೆ. ಗುಂಡಿಗೆ ಬಿದ್ದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಶಾಕ್ ಅಬ್ಸಾರ್ಬರ್ ತಡೆಯುತ್ತೆ, ಅದರೊಳಗೆ ಎಣ್ಣೆ ಇರುತ್ತೆ. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವುದು ಲೋಯರ್ ಆರ್ಮ್, ಅದರ ತುದಿಗೆ ಬಾಲ್ ಜಾಯಿಂಟ್, ಕೀಲುಗಳಲ್ಲಿ ರಬ್ಬರ್ ಬುಷ್.

ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದರೆ, ಹಂಪ್ ದಾಟಿದ ಮೇಲೂ ಗಾಡಿ ಮೇಲೆ ಕೆಳಗೆ ತೂಗುತ್ತಿದ್ದರೆ, ಟೈರ್ ಒಂದೇ ಬದಿಗೆ ಸವೆದಿದ್ದರೆ, ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ ತಡ ಮಾಡಬೇಡಿ. ಇದು ಬರೀ ಸುಖಪ್ರಯಾಣದ ಮಾತಲ್ಲ. ಬ್ರೇಕ್ ಹಾಕಿದಾಗ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯಬೇಕಾದರೆ ಸಸ್ಪೆನ್ಷನ್ ಸರಿ ಇರಬೇಕು. ಬಾಲ್ ಜಾಯಿಂಟ್ ಪೂರ್ತಿ ಸಡಿಲವಾಗಿದೆ ಅಂದರೆ, ದುಡ್ಡು ಯಾರು ಕೊಡಬೇಕೆಂಬ ಜಗಳ ಮುಗಿಯಲಿ ಅಂತ ಕಾಯುತ್ತಾ ಮಕ್ಕಳನ್ನು ಆ ಗಾಡೀಲಿ ಕೂರಿಸಬೇಡಿ.

ನ್ಯಾಯ ಇಬ್ಬರಿಗೂ ಇದೆ

ಹಾಗಂತ ಎಲ್ಲಾ ತಪ್ಪೂ ಕಂಪನಿಯದು ಅನ್ನೋಕಾಗಲ್ಲ. ಕುಕ್ಕರ್‌ನ ಗ್ಯಾಸ್ಕೆಟ್ ಸಡಿಲವಾದರೆ ನಾವು ವಾರಂಟಿ ಕೇಳುತ್ತೇವೆಯೇ? ರಬ್ಬರ್ ಬುಷ್ ಕೂಡ ಹಾಗೇ, ಸವೆಯುವ ಸಾಮಾನು. ಬಹಳಷ್ಟು ವಾರಂಟಿ ಪುಸ್ತಕಗಳು ಅದನ್ನು ಪಟ್ಟಿಯಿಂದ ಹೊರಗಿಟ್ಟಿರುತ್ತವೆ. ಗುಂಡಿಗೆ ಜೋರಾಗಿ ಬಿದ್ದು ಆರ್ಮ್ ಬಾಗಿದ್ದರೂ ಅಷ್ಟೇ. ಆದರೆ ಎರಡು-ಮೂರು ವರ್ಷಕ್ಕೇ ಕುಕ್ಕರ್‌ನ ಹಿಡಿ ಮುರಿದು ಬಂದರೆ ಕೇಳುತ್ತೇವೆ ತಾನೇ? ಸಾಧಾರಣವಾಗಿ ಓಡಿಸಿದ ಗಾಡಿಯ ಶಾಕ್ ಅಬ್ಸಾರ್ಬರ್ ಅಷ್ಟು ಬೇಗ ಎಣ್ಣೆ ಉಗುಳಿದರೆ ಕೇಳಲೇಬೇಕು.

‘ರೋಡ್ ಸರಿಯಿಲ್ಲ ಮೇಡಂ’ ಅನ್ನೋದು ಅವರ ಮಾಮೂಲಿ ಮಾತು. ನಿಜ, ಸರಿಯಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಗಲ್ಲಿಗಳಲ್ಲಿರುವ ಹಂಪ್‌ಗಳು ಗೋಡೆ ಮಲಗಿಸಿದ ಹಾಗಿವೆ! ಆದರೆ ಈ ಗಾಡಿಯನ್ನು ಮಾರಿದ್ದೂ ಇದೇ ರಸ್ತೆಗೆ ಅಲ್ಲವೇ? ಜಾಹೀರಾತಿನಲ್ಲಿ ‘ಭಾರತದ ರಸ್ತೆಗಳಿಗೆಂದೇ’ ಅಂದು, ಕೆಟ್ಟಾಗ ರಸ್ತೆಯತ್ತ ಬೆರಳು ತೋರಿಸುವುದು ಯಾವ ನ್ಯಾಯ?

ಹೀಗೆ ಮಾಡಿ

ಮೊದಲು ವಾರಂಟಿ ಪುಸ್ತಕ ತೆಗೆದು ಓದಿ. ವರ್ಷ ಅಥವಾ ಕಿ.ಮೀ., ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗಿಯುತ್ತೆ. ಅವಧಿ ಕಾಲಕಾಲಕ್ಕೆ ಬದಲಾಗುವುದೂ ಉಂಟು. ಮಾರುತಿ ಸುಜುಕಿ 2024ರ ಜುಲೈನಲ್ಲಿ 2 ವರ್ಷ ಅಥವಾ 40,000 ಕಿ.ಮೀ. ಇದ್ದ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಆದ್ದರಿಂದ ಪಕ್ಕದ ಮನೆಯವರ ಗಾಡಿಯ ಲೆಕ್ಕ ನಿಮ್ಮದಕ್ಕೆ ಹಿಡಿಯಬೇಡಿ.

ನಂತರ ಹಳೆಯ ಜಾಬ್ ಕಾರ್ಡ್, ಬಿಲ್ಲುಗಳನ್ನೆಲ್ಲ ಹುಡುಕಿ. ಸದ್ದಿನ ಪ್ರಸ್ತಾಪ ಎಲ್ಲಾದರೂ ಇದ್ದರೆ ಅದೇ ನಿಮ್ಮ ಬ್ರಹ್ಮಾಸ್ತ್ರ. ಇಲ್ಲದಿದ್ದರೂ ಎಲ್ಲಾ ಸರ್ವೀಸ್ ಸಕಾಲಕ್ಕೆ ಮಾಡಿಸಿದ ದಾಖಲೆ ನಿಮ್ಮ ಪರ ನಿಲ್ಲುತ್ತೆ. ಸರ್ವೀಸ್ ಅಡ್ವೈಸರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ನಿರ್ಧಾರ ಇರುವುದಿಲ್ಲ. ವರ್ಕ್ಸ್ ಮ್ಯಾನೇಜರ್‌ಗೆ, ಅಲ್ಲಿಂದ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಬರೆಯಿರಿ. ‘ಗುಡ್‌ವಿಲ್’ ಆಧಾರದ ಮೇಲೆ ಖರ್ಚಿನಲ್ಲಿ ಪಾಲು ಕೊಡಿ ಅಂತಲೇ ಕೇಳಿ. ಕೊಡಲೇಬೇಕೆಂಬ ನಿಯಮವಿಲ್ಲ, ಆದರೆ ವಾರಂಟಿ ಮುಗಿದು ಸ್ವಲ್ಪ ದಿನವಾಗಿದ್ದರೆ ಎಷ್ಟೋ ಸಲ ಒಪ್ಪುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಇಲ್ಲಿ ಮಾತು ಬಲ್ಲವಳಿಗೆ ಅರ್ಧ ಬಿಲ್ಲೂ ಇಲ್ಲದಿರಬಹುದು.

ಅಷ್ಟರಲ್ಲಿ ನಂಬಿಕೆಯ ಇನ್ನೊಂದು ಗ್ಯಾರೇಜಿನಲ್ಲೂ ತೋರಿಸಿ. ಕೆಲವೊಮ್ಮೆ ಇಡೀ ಆರ್ಮ್ ಬೇಕಿರುವುದಿಲ್ಲ, ಲಿಂಕ್ ರಾಡ್ ಬದಲಾಯಿಸಿದರೆ ಸದ್ದು ನಿಲ್ಲುತ್ತೆ. ಗಾಡಿಗೆ ಬೇರೆ ವಾರಂಟಿ ಉಳಿದಿಲ್ಲ ಅಂದರೆ ಹೊರಗೆ ಮಾಡಿಸುವುದಕ್ಕೆ ಅಂಜಿಕೆ ಯಾಕೆ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು, ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ ಸುಲಭವಾಗಿ ಸಿಗದಂತೆ ಮಾಡಿವೆ ಎಂಬ ಕಾರಣಕ್ಕೇ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ವಿಷಯ.

ಇಷ್ಟಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ವಕೀಲರು ಕಡ್ಡಾಯವಲ್ಲ. ಆದರೆ ತಯಾರಿಕೆಯಲ್ಲೇ ದೋಷವಿತ್ತು ಅನ್ನೋದಕ್ಕೆ ಆಧಾರ ನಾವು ಒದಗಿಸಬೇಕು. ಬರೀ ಸಿಟ್ಟು ಸಾಲದು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದಕ್ಕಿಂತ ಮೊದಲೇ ಎಚ್ಚರ ಒಳ್ಳೇದು. ಗ್ಯಾಸ್ ಬುಕ್ ಮಾಡಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ನಾವು, ಕಾರಿನ ವಾರಂಟಿ ಮುಗಿಯುವ ದಿನವನ್ನೂ ಬರೆದಿಡೋಣ. ಇನ್ನೊಂದು ಮಾತು. ಇನ್ಶೂರೆನ್ಸ್ ನವೀಕರಿಸಿ ಅಂತ ದಿನಕ್ಕೆ ಮೂರು ಸಲ ಫೋನ್ ಮಾಡುವ ಶೋರೂಮಿನವರು, ‘ಮೇಡಂ, ಮುಂದಿನ ತಿಂಗಳು ವಾರಂಟಿ ಮುಗಿಯುತ್ತೆ, ಒಮ್ಮೆ ತೋರಿಸಿಕೊಂಡು ಹೋಗಿ’ ಅಂತ ಒಂದು ಸಲವಾದರೂ ಫೋನ್ ಮಾಡಬಾರದೇ? ಅವರು ಮಾಡೋದಿಲ್ಲ ಅಂದರೆ ನಾವೇ ಹೋಗಿ ತೋರಿಸಬೇಕು, ಅಷ್ಟೇ.

ನೆನಪಿರಲಿ

* ವಾರಂಟಿ ಮುಗಿಯುವ ತಿಂಗಳು ಮುಂಚೆಯೇ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಭಾಗ ನೋಡಿಸಿ.

* ಸದ್ದಿದ್ದರೆ ಅಡ್ವೈಸರ್‌ನ ಪಕ್ಕ ಕೂರಿಸಿಕೊಂಡು ಗಾಡಿ ಓಡಿಸಿ ತೋರಿಸಿ. ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

* ವಿಸ್ತರಿತ ವಾರಂಟಿ ಬೇಕಿದ್ದರೆ ಹಳೆಯದು ಮುಗಿಯೋದರೊಳಗೇ ವಿಚಾರಿಸಿ. ಸಸ್ಪೆನ್ಷನ್ ಅದರಲ್ಲಿ ಸೇರಿದೆಯೇ ಕೇಳಿ.

* ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು ಅಂತ ಬೇರೆ ಬೇರೆ ಎಸ್ಟಿಮೇಟ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಬಿಲ್ಲಿನಲ್ಲಿ ನೋಡಿಕೊಳ್ಳಿ.

* ಶಾಕ್ ಅಬ್ಸಾರ್ಬರ್ ಅನ್ನು ಎಡ-ಬಲ ಜೋಡಿಯಾಗಿ ಬದಲಾಯಿಸುವುದು ವಾಡಿಕೆ. ಅದು ಮೋಸವಲ್ಲ. ಆಮೇಲೆ ವೀಲ್ ಅಲೈನ್‌ಮೆಂಟ್ ಮರೆಯಬೇಡಿ.

* ತೆಗೆದ ಹಳೆಯ ಸಾಮಾನು ಕೇಳಿ ನೋಡಿ. ಹೊಸದಕ್ಕೆ ಎಷ್ಟು ದಿನದ ವಾರಂಟಿ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.