ಅಭಯಪತ್ರವಿಲ್ಲದ ಗೋಷ್ಠಿಗಳು

ಬೊಹೀಮಿಯದ ಧರ್ಮಬೋಧಕ ಯಾನ್ ಹುಸ್ 1414ರಲ್ಲಿ ಕಾನ್‌ಸ್ಟನ್ಸ್ ನಗರದ ಧರ್ಮಸಭೆಗೆ ಹೊರಟಾಗ ಆತನಿಗೆ ಜರ್ಮನ್ ದೊರೆ ಸಿಗಿಸ್ಮಂಡನ ಅಭಯಪತ್ರದ ಆಸರೆಯಿತ್ತು. ತನ್ನ ಮತವನ್ನು ಸಭೆಯ ಮುಂದೆ ಪ್ರತಿಪಾದಿಸಿ ಕ್ಷೇಮವಾಗಿ ಮರಳಬಹುದೆಂದು ಆತ ನಂಬಿದ್ದ. ನಗರವನ್ನು ತಲುಪಿದ ಕೆಲವೇ ವಾರಗಳಲ್ಲಿ ಆತನ ಬಂಧನವಾಯಿತು. 1415ರ ಜುಲೈ 6ರಂದು ಆತನನ್ನು ಜೀವಂತ ಸುಡಲಾಯಿತು. ಧರ್ಮದ್ರೋಹಿಗೆ ಕೊಟ್ಟ ಮಾತನ್ನು ನಡೆಸಬೇಕಾಗಿಲ್ಲವೆಂಬ ಸಮರ್ಥನೆಗೂ ಕೊರತೆಯಾಗಲಿಲ್ಲ. ಸರೋವರದ ದಡದ ಆ ವಾಣಿಜ್ಯ ನಗರಿ ಯುರೋಪಿನ ನಾನಾ ಭಾಗದವರು ಬಂದು ಸೇರಲು ತಕ್ಕ ಸ್ಥಳವಾಗಿತ್ತು. ಅಲ್ಲಿದ್ದು ಹೋದ ಉಳಿದ ಪ್ರತಿನಿಧಿಗಳಲ್ಲಿ ಯಾರನ್ನು ಕೇಳಿದ್ದರೂ ಊರು ಸುರಕ್ಷಿತವೆಂದೇ ಹೇಳುತ್ತಿದ್ದರು.

ಇಂದು ಅಂತಾರಾಷ್ಟ್ರೀಯ ಸಮ್ಮೇಳನಗಳಿಗೆ ಊರನ್ನು ಆಯುವವರು ಮಾಡುವ ತಪ್ಪು ಬಹುಮಟ್ಟಿಗೆ ಇದೇ. ವಿಮಾನ ನಿಲ್ದಾಣ, ವಸತಿ, ಸಭಾಂಗಣ, ಖರ್ಚು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸುರಕ್ಷೆಯೆಂದರೆ ಬರುವವರಲ್ಲಿ ಹೆಚ್ಚಿನವರ ಸುರಕ್ಷೆ ಎಂದಷ್ಟೇ ಗ್ರಹಿಸಲಾಗುತ್ತದೆ. ಈ ಊರಿನಲ್ಲಿ ಸೇರಿದರೆ ಬರಲಾಗದವರು ಯಾರು, ಬಂದರೂ ಬಾಯಿ ತೆರೆಯಲಾಗದವರು ಯಾರು ಎಂಬ ಪ್ರಶ್ನೆ ಮೊದಲು ಏಳುವುದಿಲ್ಲ. ಎದ್ದಾಗ ಕಾಲ ಮೀರಿರುತ್ತದೆ.

ಪುರಾತತ್ತ್ವಜ್ಞರ ಅನುಭವ ಇಲ್ಲಿ ಪಾಠವಾಗಬಲ್ಲದು. 1986ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಸಮ್ಮೇಳನ ನಡೆಸಲು ಹೊರಟ ಪೀಟರ್ ಉಕೊ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಿಂದ ಯಾರೂ ಭಾಗವಹಿಸಕೂಡದೆಂಬ ಒತ್ತಾಯಕ್ಕೆ ಒಪ್ಪಿದರು. ಪ್ರಾಗಿತಿಹಾಸ ವಿದ್ವಾಂಸರ ಅಂತಾರಾಷ್ಟ್ರೀಯ ಒಕ್ಕೂಟ ತನ್ನ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಹೆಸರಾಂತ ಹಲವರು ಹಿಂದೆ ಸರಿದರು. ಆದರೂ ಸಭೆ ಸೇರಿತು, ವಿಶ್ವ ಪುರಾತತ್ತ್ವ ಕಾಂಗ್ರೆಸ್ ಹುಟ್ಟಿದ್ದು ಹಾಗೆ. ಆ ಬಹಿಷ್ಕಾರ ವರ್ಣಭೇದವನ್ನು ವಿರೋಧಿಸುತ್ತಿದ್ದ ದಕ್ಷಿಣ ಆಫ್ರಿಕದ ವಿದ್ವಾಂಸರನ್ನೂ ಹೊರಗಿಟ್ಟಿತೆಂಬ ಆಕ್ಷೇಪ ತೂಕವುಳ್ಳದ್ದು. ಆದರೆ ನಿರ್ಧಾರ ಗುಟ್ಟಾಗಿರಲಿಲ್ಲ. ಸಮ್ಮೇಳನಕ್ಕೆ ಮೊದಲೇ ಎಲ್ಲರಿಗೂ ತಿಳಿದಿತ್ತು. ಮರುವರ್ಷ ಉಕೊ ಆ ವಿವಾದವನ್ನು ಕುರಿತು ಇಡೀ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಅದೇ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನ 1994ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆಯಿತು. ಬಾಬ್ರಿ ಮಸೀದಿಯ ಧ್ವಂಸಕ್ಕೆ ಎರಡು ವರ್ಷ ತುಂಬಿದ ಡಿಸೆಂಬರ್ 6 ಅಧಿವೇಶನದ ದಿನಗಳ ನಡುವೆಯೇ ಬಿದ್ದಿತ್ತು. ಉತ್ಖನನದ ಸಾಕ್ಷ್ಯ, ಸ್ಮಾರಕದ ನಾಶ, ಇತಿಹಾಸದ ಬಳಕೆ, ದುರ್ಬಳಕೆ ಇವೆಲ್ಲ ಒಂದೆಡೆ ಸೇರಿದ ವಿಷಯ ಪುರಾತತ್ತ್ವಜ್ಞರ ಮುಂದೆ ಅದಕ್ಕಿಂತ ಹೆಚ್ಚಿನದು ಇನ್ನೊಂದಿರಲಿಲ್ಲ. ಅದನ್ನೇ ಚರ್ಚಿಸಕೂಡದೆಂದು ಸಂಘಟಕರು ನಿರ್ಬಂಧ ಹೇರಿದರು, ಅಂತಾರಾಷ್ಟ್ರೀಯ ನಾಯಕತ್ವ ಒಪ್ಪಿತು. ಚರ್ಚಿಸಿದರೆ ಅಶಾಂತಿಯಾದೀತೆಂಬುದು ಭಯ. ಚರ್ಚೆಯನ್ನು ತಡೆದದ್ದರಿಂದ ಶಾಂತಿಯೇನೂ ಉಳಿಯಲಿಲ್ಲ. ಸಮಾರೋಪದ ಸಭೆ ವೇದಿಕೆಯ ಮೇಲಿನ ತಳ್ಳಾಟದಲ್ಲಿ ಮುಗಿಯಿತು. ಸಾಂಸ್ಕೃತಿಕ ಸೊತ್ತಿನ ನಾಶವನ್ನು ಕುರಿತು ಕಾಂಗ್ರೆಸ್ ಪ್ರತ್ಯೇಕ ಸಮಾವೇಶವನ್ನು ಸೇರಿಸಿದ್ದು 1998ರಲ್ಲಿ, ಕ್ರೊಯೇಷಿಯದ ಬ್ರಾಚ್ ದ್ವೀಪದಲ್ಲಿ. ಅಯೋಧ್ಯೆಯನ್ನು ಕುರಿತು ಮಾತನಾಡಲು ಭಾರತದ ವಿದ್ವಾಂಸರು ಏಡ್ರಿಯಾಟಿಕ್ ಸಮುದ್ರದವರೆಗೆ ಪ್ರಯಾಣ ಮಾಡಬೇಕಾಯಿತೆಂಬುದು ನಗುವ ಸಂಗತಿಯಲ್ಲ.

ದೆಹಲಿಯಲ್ಲಿ 1994ರಲ್ಲಿ ಬಾಯಿಗೆ ಬೀಗ ಬಿದ್ದರೆ 2018ರಲ್ಲಿ ಬಾಗಿಲಿಗೇ ಬಿತ್ತು. ಅಮೆರಿಕದ ಏಷ್ಯಾ ಅಧ್ಯಯನ ಸಂಘವು ಅಶೋಕ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಜುಲೈ ತಿಂಗಳಲ್ಲಿ ನಡೆಸಿದ ಸಮ್ಮೇಳನಕ್ಕೆ ಪಾಕಿಸ್ತಾನದ ವಿದ್ವಾಂಸರು ಬರುವಂತಿಲ್ಲವೆಂದು ವಿದೇಶಾಂಗ ಸಚಿವಾಲಯ ಆ ಫೆಬ್ರವರಿಯಲ್ಲೇ ಪತ್ರಮುಖೇನ ತಿಳಿಸಿತ್ತು. ವಿಷಯ ಬಹಿರಂಗವಾಗಿ ಕೋಲಾಹಲವೆದ್ದದ್ದು ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಪ್ರಬಂಧಗಳು ಸ್ವೀಕೃತವಾಗಿದ್ದವು, ಟಿಕೆಟ್ಟುಗಳು ಕೊಂಡಾಗಿದ್ದವು. ದಕ್ಷಿಣ ಏಷ್ಯಾದ ಚರಿತ್ರೆ, ಉರ್ದು ಮತ್ತು ಪಂಜಾಬಿ ಸಾಹಿತ್ಯ, ದೇಶವಿಭಜನೆಯ ನೆನಪು ಇವನ್ನು ಲಾಹೋರ್, ಕರಾಚಿಗಳ ವಿದ್ವಾಂಸರನ್ನು ಬಿಟ್ಟು ಚರ್ಚಿಸುವ ಏಷ್ಯಾ ಸಮ್ಮೇಳನಕ್ಕೆ ಅರ್ಥವೇನು? ಸರ್ಕಾರಕ್ಕೆ ವೀಸಾ ನಿರಾಕರಿಸುವ ಅಧಿಕಾರವಿದೆ. ಅದು ಬೇರೆ ಮಾತು. ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಕೇಂದ್ರದ ರಾಜಕೀಯ ಅನುಮತಿ ಬೇಕೆಂಬುದು ಭಾರತದಲ್ಲಿ ಯಾವ ಸಂಘಟಕರಿಗೂ ಹೊಸತಲ್ಲ. ದೆಹಲಿಯನ್ನು ಆಯುವ ದಿನವೇ ಈ ಪ್ರಶ್ನೆ ಮೇಜಿನ ಮೇಲೆ ಇರಬೇಕಿತ್ತು. ಪತ್ರ ಬಂದ ಮೇಲಾದರೂ ಸದಸ್ಯರಿಗೆ ಕೂಡಲೇ ತಿಳಿಯಬೇಕಿತ್ತು. ಇನ್ನೂ ಒಂದು ಮಾತು. ಆ ಜುಲೈಯಲ್ಲಿ ದಂಡಸಂಹಿತೆಯ 377ನೆಯ ಕಲಮು ಸಲಿಂಗಿಗಳ ಮೇಲೆ ತೂಗುಕತ್ತಿಯಾಗಿಯೇ ಇತ್ತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ಸೆಪ್ಟೆಂಬರ್ 6ರಂದು.

ಹಾಗಾದರೆ ಇಂಥ ದೇಶಗಳನ್ನೆಲ್ಲ ಬಿಟ್ಟು ಯುರೋಪಿನ, ಉತ್ತರ ಅಮೆರಿಕದ ನಾಲ್ಕಾರು ನಗರಗಳಲ್ಲೇ ಸೇರುವುದೇ ದಾರಿಯೆ? ಅದು ಇನ್ನೊಂದು ಬಗೆಯ ಬೀಗ. 2022ರಲ್ಲಿ ಕೆನಡದ ಮಾಂಟ್ರಿಯಲ್ಲಿನಲ್ಲಿ ನಡೆದ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನಕ್ಕೆ ಆಫ್ರಿಕದ ಅನೇಕ ಪ್ರತಿನಿಧಿಗಳು ವೀಸಾ ದೊರೆಯದೆ ಬರಲಾಗಲಿಲ್ಲ. ಆ ರೋಗದ ಹೊರೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತ ಖಂಡ ಅದು. ಆದರೆ ಇದೇ ಸಮ್ಮೇಳನದ ಹಿಂದಿನ ಚರಿತ್ರೆಯಲ್ಲಿ ಒಂದು ದಿಟ್ಟ ಹೆಜ್ಜೆಯೂ ಇದೆ. ಎಚ್‌ಐವಿ ಇದ್ದವರ ಪ್ರವೇಶವನ್ನು ಅಮೆರಿಕ 1987ರಿಂದ ನಿರ್ಬಂಧಿಸಿತ್ತು. 1990ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನವನ್ನು ಹಲವು ಸಂಘಟನೆಗಳು ಬಹಿಷ್ಕರಿಸಿದವು. 1992ರಲ್ಲಿ ಬಾಸ್ಟನ್ನಿನಲ್ಲಿ ಆಗಬೇಕಿದ್ದುದನ್ನು ಆಮ್‌ಸ್ಟರ್‌ಡ್ಯಾಮಿಗೆ ಒಯ್ಯಲಾಯಿತು. ನಿರ್ಬಂಧ ತೊಲಗಿದ್ದು 2010ರ ಜನವರಿಯಲ್ಲಿ. 2012ರಲ್ಲಿ ಸಮ್ಮೇಳನ ವಾಷಿಂಗ್ಟನ್ನಿನಲ್ಲಿ ಸೇರಿ ಅಮೆರಿಕಕ್ಕೆ ಮರಳಿತು, ಇಪ್ಪತ್ತೆರಡು ವರ್ಷಗಳ ತರುವಾಯ. ರೋಗಿಗಳನ್ನು ಹೊರಗಿಟ್ಟು ರೋಗವನ್ನು ಚರ್ಚಿಸಲಾರೆವೆಂದು ಆ ಸಂಘಟಕರು ಕೊನೆಗಾದರೂ ಹೇಳಿದರು. ವಿದ್ವತ್ತು ರಾಜಕೀಯದಿಂದ ದೂರವಿರಬೇಕೆನ್ನುವವರು ಗಮನಿಸಬೇಕಾದ ಅಂಶವೊಂದುಂಟು: ವೀಸಾ ಕಚೇರಿಯ ಗುಮಾಸ್ತ ಯಾರ ಪ್ರಬಂಧವನ್ನೂ ಓದಿ ಮೊಹರು ಒತ್ತುವುದಿಲ್ಲ.

ಕನ್ನಡಿಗರಿಗೂ ಇದು ದೂರದ ಮಾತಲ್ಲ. ಅಮೆರಿಕದ ಕನ್ನಡ ಕೂಟಗಳ ಆಗರವಾದ 'ಅಕ್ಕ' ಎರಡು ವರ್ಷಗಳಿಗೊಮ್ಮೆ ವಿಶ್ವ ಕನ್ನಡ ಸಮ್ಮೇಳನ ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ತೆರೆದದ್ದು 2025ರ ಜನವರಿಯಲ್ಲಿ. ಆಗಲೂ ವೀಸಾ ಸಂದರ್ಶನಕ್ಕೆ ಸಾಮಾನ್ಯವಾಗಿ ಚೆನ್ನೈ ದಾರಿ ಹಿಡಿಯಬೇಕಿತ್ತು. ಊರಿಗೆ ಮರಳಿ ಬರುತ್ತೇನೆಂಬುದಕ್ಕೆ ಉದ್ಯೋಗ, ಆಸ್ತಿಗಳನ್ನು ತೋರಿಸಬೇಕಾದಾಗ ಪ್ರಾಧ್ಯಾಪಕನಿಗೆ ಸಂಬಳದ ಚೀಟಿಯಿದೆ. ಗೇಣಿಯ ಭೂಮಿ, ತಂಬೂರಿ ಬಿಟ್ಟು ಬೇರೇನೂ ಇಲ್ಲದ ತತ್ತ್ವಪದಕಾರನಿಗೆ ಏನಿದೆ? ಕಲಾವಿದರನ್ನು ಕರೆಯುವವರು ಈ ವ್ಯತ್ಯಾಸವನ್ನು ಅರಿತು, ಆರು ತಿಂಗಳು ಮುಂಚಿತವಾಗಿ ಕಾಗದಪತ್ರಗಳ ಹೊಣೆ ಹೊರಬೇಕು.

ಇನ್ನು ಇಲ್ಲಿನ ಕಾಲೇಜುಗಳ ಮಾತು. ಶ್ರೀಲಂಕಾದಿಂದಲೋ ನೇಪಾಳದಿಂದಲೋ ಒಬ್ಬ ಅತಿಥಿ ಪರದೆಯ ಮೇಲೆ ಮೂಡಿದರೆ ಫಲಕದಲ್ಲಿ 'ಅಂತಾರಾಷ್ಟ್ರೀಯ' ಎಂಬ ಪದ ಮೂಡುತ್ತದೆ, ಬಡ್ತಿಯ ಅಂಕಗಳೂ ಮೂಡುತ್ತವೆ. ಸಭಾಂಗಣ ಮಾತ್ರ ಎಷ್ಟೋ ಕಡೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಗಾಲಿಕುರ್ಚಿಯ ಸಂಶೋಧಕಿಯನ್ನು ನಾಲ್ವರು ಎತ್ತಿಕೊಂಡು ಹೋಗುವುದನ್ನು ಅತಿಥಿಸತ್ಕಾರವೆಂದೇ ತಿಳಿಯಲಾಗುತ್ತದೆ. ಆಹ್ವಾನಪತ್ರಿಕೆಯಲ್ಲಿ ಊಟ, ವಸತಿ, ನೋಂದಣಿ ಶುಲ್ಕಗಳ ವಿವರವಿರುತ್ತದೆ. ಮೆಟ್ಟಿಲುಗಳ ಸಂಖ್ಯೆ ಇರುವುದಿಲ್ಲ.