ಅಜ್ಜಿಗೆ ಎಂತ ಕೆಲಸ?

ಕಳೆದ ತಿಂಗಳ ಒಂದು ಶುಕ್ರವಾರ ರೂಮಿನಲ್ಲಿ ಮೀನು ಸಾರು ಕುದಿಯುತ್ತಿತ್ತು. ನಮ್ಮಲ್ಲೊಬ್ಬರಿಗೆ ಊರಿನಿಂದ ಮಗಳ ವಿಡಿಯೋ ಕಾಲ್ ಬಂತು. ಮನೆಯವರ ಬಗ್ಗೆ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರಂತೆ. "ಅಪ್ಪಾ, ಅಜ್ಜಿ ಮೊದಲು ಎಂತ ಕೆಲಸ ಮಾಡ್ತಿದ್ದದ್ದು?"

"ಅಜ್ಜಿಗೆ ಎಂತ ಕೆಲಸ? ಮನೆಯಲ್ಲೇ ಇದ್ರು" ಅಂದರು ಅವರು. ಸಾರು ತಿರುವುತ್ತಿದ್ದವರು ಸೌಟು ಹಿಡಿದುಕೊಂಡೇ ಕೇಳಿದರು: "ಮನೆಯಲ್ಲೇ ಇದ್ರಾ? ಮತ್ತೆ ದಿನಾ ಅಷ್ಟು ಬೀಡಿ ಯಾರು ಕಟ್ಟಿದ್ದು ಮಾರಾಯ್ರೆ?"

ಎಲ್ಲರೂ ನಕ್ಕೆವು. ಆದರೆ ಊಟ ಮುಗಿದ ಮೇಲೂ ಮಾತು ಅಲ್ಲೇ ನಿಂತಿತ್ತು. ರೂಮಿನಲ್ಲಿ ನಾವು ಆರು ಜನ, ಬಂಟ್ವಾಳ, ಪುತ್ತೂರು, ಕಾರ್ಕಳ, ಸುರತ್ಕಲ್ ಕಡೆಯವರು. ಆರರಲ್ಲಿ ಐದು ಮನೆಗಳಲ್ಲಿ ಬೀಡಿ ಕಟ್ಟುತ್ತಿದ್ದರು. ಒಬ್ಬರಿಗೆ ಅಮ್ಮ, ಒಬ್ಬರಿಗೆ ಉಮ್ಮ, ಇನ್ನೊಬ್ಬರಿಗೆ ಮಾಂಯ್. ತಡ್ಪೆ ಮಾತ್ರ ಎಲ್ಲರ ಮಡಿಲಲ್ಲೂ ಒಂದೇ.

ನಮ್ಮ ಚಿಕ್ಕಂದಿನ ನೆನಪಿಗೆಲ್ಲ ಹೊಗೆಸೊಪ್ಪಿನ ವಾಸನೆ ಉಂಟು. ಎಲೆಯನ್ನು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮಧ್ಯಾಹ್ನ ಗಂಜಿ ಊಟ ಆದ ಮೇಲೆ ನೆರೆಮನೆಯ ಹೆಂಗಸರು ತಂತಮ್ಮ ತಡ್ಪೆ ಹಿಡಿದುಕೊಂಡು ಒಂದೇ ಜಗಲಿಗೆ ಬರುತ್ತಿದ್ದರು. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸುವುದು, ಪುಡಿ ತುಂಬಿ ಸುರುಳಿ ಸುತ್ತುವುದು, ನೂಲು ಬಿಗಿಯುವುದು. ಮಂಗಳೂರು ಆಕಾಶವಾಣಿ ಒಂದು ಕಡೆ, ಊರಿನ ಸುದ್ದಿ ಇನ್ನೊಂದು ಕಡೆ. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಯಾರದೋ ಮನೆಯ ಮದುವೆ ಮಾತುಕತೆ, ಯಾರದೋ ಗಂಡನ ಕುಡಿತ, ಯಾವ ಅಂಗಡಿಯಲ್ಲಿ ಅಕ್ಕಿ ಸಾಲಕ್ಕೆ ಸಿಗುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಶಾಲೆಯಿಂದ ಬಂದ ನಮಗೆ ಬೀಡಿಯ ತುದಿ ಮಡಚುವ ಕೆಲಸ, ಇಪ್ಪತ್ತೈದರ ಕಟ್ಟು ಮಾಡುವ ಕೆಲಸ. ಮಗ್ಗಿಗಿಂತ ಮೊದಲು ನಾವು ಎಣಿಸಲು ಕಲಿತದ್ದು ಅಲ್ಲೇ.

ಕಟ್ಟಿದ್ದನ್ನು ಬ್ರಾಂಚಿಗೆ ಕೊಡಲು ಅಮ್ಮನ ಜೊತೆ ನಾವೂ ಹೋಗುತ್ತಿದ್ದೆವು. ಮಳೆಗಾಲದಲ್ಲಿ ಕೊಡೆ ಇರುತ್ತಿದ್ದದ್ದು ಬೀಡಿಯ ಚೀಲಕ್ಕೆ, ನಮ್ಮ ತಲೆಗಲ್ಲ. ಚೆಕ್ ಮಾಡುವವರು ಒಂದೊಂದೇ ಕಟ್ಟು ಬಿಚ್ಚಿ, ಸಣ್ಣದಾಯಿತು, ಸಡಿಲ ಉಂಟು ಅಂತ ಹಿಡಿಹಿಡಿಯಾಗಿ ಬದಿಗೆ ಹಾಕುತ್ತಿದ್ದರು. ಅಮ್ಮ ಎದುರು ಮಾತಾಡುತ್ತಿರಲಿಲ್ಲ. ಆ ರಾತ್ರಿ ಚಿಮಿಣಿ ದೀಪದ ಮುಂದೆ ಕಡಿಮೆ ಬಿದ್ದದ್ದನ್ನು ಮತ್ತೆ ಕಟ್ಟುತ್ತಿದ್ದರು. ಮಲಗಿದಲ್ಲಿಂದ ನಮಗೆ ಕತ್ತರಿಯ ಸದ್ದು ಕೇಳುತ್ತಿತ್ತು, ನಡುನಡುವೆ ಕೆಮ್ಮು. ಹೊಗೆಸೊಪ್ಪಿನ ಧೂಳಿನ ಕೆಮ್ಮು ಅದು ಅಂತ ಆಗ ಗೊತ್ತಿರಲಿಲ್ಲ.

ಶಾಲೆಯ ಫೀಸು, ಪುಸ್ತಕ, ಅಕ್ಕನ ಕಿವಿಯೋಲೆ ಎಲ್ಲ ಆ ಮಜೂರಿಯಿಂದ ಬಂತು. ನಮ್ಮಲ್ಲಿ ಇಬ್ಬರ ಪಾಸ್‌ಪೋರ್ಟಿನ ದುಡ್ಡೂ ಅದೇ. ಆದರೂ ಯಾವ ಫಾರಂ ತುಂಬುವಾಗಲೂ ತಾಯಿಯ ಉದ್ಯೋಗ ಅಂತ ಇದ್ದಲ್ಲಿ ನಾವು 'ಗೃಹಿಣಿ' ಅಂತಲೇ ಬರೆದೆವು. ಮನೆಯೊಳಗೆ ಕೂತು ಮಾಡಿದ್ದು ನಮಗೆ ಕೆಲಸ ಅಂತ ಕಾಣಲೇ ಇಲ್ಲ.

ಸರಕಾರದ ಲೆಕ್ಕದಲ್ಲಿ ಅವರು ಕಾರ್ಮಿಕರೇ. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಆಯಿತು. ಮಜೂರಿಯಿಂದ ಪಿ.ಎಫ್. ಕಡಿತ ಆಗಿದ್ದರೆ ಅದರಲ್ಲಿ ಪಿಂಚಣಿಯೂ ಉಂಟು. ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಸಿಕ್ಕಿ 58 ತುಂಬಿದರೆ ತಿಂಗಳ ಪಿಂಚಣಿಗೆ ಹಕ್ಕು. 2014ರಿಂದ ಅದರ ಕನಿಷ್ಠ ಮೊತ್ತ ಸಾವಿರ ರೂಪಾಯಿ. ದೊಡ್ಡ ದುಡ್ಡೇನಲ್ಲ. ಆದರೆ ಮಗನ ಡ್ರಾಫ್ಟಿಗೆ ಕಾಯದೆ ಅಮ್ಮ ತಾನೇ ಬ್ಯಾಂಕಿಗೆ ಹೋಗಿ ತೆಗೆಯುವ ಸ್ವಂತ ದುಡ್ಡು ಅದು.

ಹಾಗಾಗಿ ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಅಮ್ಮನ ಟ್ರಂಕಿನಲ್ಲಿರುವ ಪಾಸ್‌ಬುಕ್, ಪಿ.ಎಫ್. ಚೀಟಿ ಹೊರಗೆ ತೆಗೆಯೋಣ. ಅದರಲ್ಲಿ ಇರುವ ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಸರಿ ಹೊಂದುತ್ತದಾ ನೋಡೋಣ. ಅಲ್ಲೇ ಎಷ್ಟೋ ಜನರದ್ದು ಸಿಕ್ಕಿಹಾಕಿಕೊಂಡಿರುತ್ತದೆ. ಪಿಂಚಣಿ ಈಗಾಗಲೇ ಬರುತ್ತಿದ್ದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ. ಬೆರಳಚ್ಚಿನಲ್ಲಿ ತೊಂದರೆ ಆದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಅಷ್ಟು ವರ್ಷ ಎಲೆ, ಕತ್ತರಿ ಹಿಡಿದ ಬೆರಳು ಸವೆದಿರುತ್ತದಲ್ಲ.

ಅಂದಹಾಗೆ, ಆ ಶುಕ್ರವಾರ ಸಂಜೆ ನಮ್ಮವರು ಮಗಳಿಗೆ ತಿರುಗಿ ಫೋನ್ ಮಾಡಿದರು. "ಮನೆಯಲ್ಲೇ ಇದ್ರು ಅಂತ ಬರೆದದ್ದನ್ನು ಅಳಿಸು ಮಗಾ. ಬೀಡಿ ಕಾರ್ಮಿಕರು ಅಂತ ಬರಿ." ಅಲ್ಲೇ ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ನಾಚಿಕೆ ಆಯಿತಂತೆ. "ಅದನ್ನೆಲ್ಲ ಶಾಲೆಯಲ್ಲಿ ಹೇಳ್ತಾರಾ?" ಅಂದರಂತೆ. ಮೊಮ್ಮಗಳು ಬರೆದೇ ಬಿಟ್ಟಳು.